ಹಗ್ಗದ ಪಕ್ಕದ ಕೊಡಲಿ

ಇಂದು ಬೆಳಗಿನ ಪಾಳಿಯಲ್ಲಿ ನನ್ನ ಪಾಲಿಗೆ ಬಂದ ಮೊದಲ ಕೆಲಸ, ಹಡಗು ಕಟ್ಟುವ ಹಗ್ಗಗಳ ಪಕ್ಕ ಕೊಡಲಿ ಇದೆಯೇ ಎಂದು ನೋಡುವುದು.

ಇತ್ತು. ಕೆಂಪು ಬಳಿದ ಹಿಡಿ, ಅಲಗಿಗೆ ದಪ್ಪನೆಯ ಗ್ರೀಸ್. ಒರೆಸಿ ನೋಡಿದೆ, ಹರಿತವಾಗಿಯೇ ಇತ್ತು.

ಒಂದರಿಂದ ಇನ್ನೊಂದಕ್ಕೆ ಎಣ್ಣೆ ವರ್ಗಾಯಿಸಲು ನಡುಗಡಲಿನಲ್ಲಿ ಎರಡು ತೈಲ ಹಡಗುಗಳು ಮೈಗೆ ಮೈ ತಾಗಿಸಿ ನಿಂತಾಗ ನಡುವೆ ಇರುವುದು ಉಜ್ಜಾಟ ತಡೆಯುವ, ಗಾಳಿ ತುಂಬಿದ ರಬ್ಬರ್ ಫೆಂಡರುಗಳು, ಅಷ್ಟೇ. ಎಣ್ಣೆ ಖಾಲಿಯಾದಂತೆ ಒಂದು ಮೇಲೇಳುತ್ತದೆ, ತುಂಬಿದಂತೆ ಇನ್ನೊಂದು ಕುಸಿಯುತ್ತದೆ. ಗಂಟೆಗಟ್ಟಲೆ ಹಗ್ಗಗಳನ್ನು ಸಡಿಲಿಸುತ್ತ, ಬಿಗಿಯುತ್ತ ಇರಬೇಕು. ಬೆಂಕಿ ಹತ್ತಿದರೆ ಬಿಚ್ಚುತ್ತ ಕೂರುವಷ್ಟು ಹೊತ್ತು ಎಲ್ಲಿದೆ? ಅದಕ್ಕೇ ಕೊಡಲಿ.

ಹಡಗುಗಳಿಂದ ಕಡಲು ಮಲಿನವಾಗದಂತೆ ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದದಲ್ಲಿ ಈ ಕೆಲಸಕ್ಕೆಂದೇ ಒಂದು ಅಧ್ಯಾಯವಿದೆ, 2011ರ ಜನವರಿಯಿಂದ ಜಾರಿಯಲ್ಲಿದೆ. ಒಪ್ಪಿಗೆ ಪಡೆದ ಯೋಜನೆ ಹಡಗಿನಲ್ಲಿರಬೇಕು. ಕರಾವಳಿ ದೇಶದ ಜಲವ್ಯಾಪ್ತಿಯಲ್ಲಿ ಅಥವಾ ಅದರಾಚೆಯ ವಿಶೇಷ ಆರ್ಥಿಕ ವಲಯದಲ್ಲಿ ಹೀಗೆ ಎಣ್ಣೆ ವರ್ಗಾಯಿಸುವುದಾದರೆ ಕನಿಷ್ಠ 48 ಗಂಟೆ ಮೊದಲೇ ಆ ದೇಶಕ್ಕೆ ತಿಳಿಸಬೇಕು. ದಾಖಲೆಗಳನ್ನು 3 ವರ್ಷ ಇಟ್ಟುಕೊಳ್ಳಬೇಕು. ಕಾಗದದ ಕೆಲಸ ಎಂದು ಗೊಣಗುವವರನ್ನು ಕಂಡಿದ್ದೇನೆ. ನನಗೆ ಹಾಗೆ ಅನ್ನಿಸಿಲ್ಲ. ಎಣ್ಣೆ ಚೆಲ್ಲಿದರೆ ದಡದಲ್ಲಿ ಬಲೆ ಹಿಡಿದು ನಿಂತವರಿಗೆ ಆ 48 ಗಂಟೆ ದೊಡ್ಡದು.

ಸಿಟ್ಟು ಬರುವುದು ತಾವಿರುವ ಜಾಗ ತೋರಿಸುವ ಯಂತ್ರವನ್ನೇ ಆರಿಸಿ, ಕದ್ದುಮುಚ್ಚಿ ಎಣ್ಣೆ ವರ್ಗಾಯಿಸುವ ಹಳೆಯ ಹಡಗುಗಳ ಮೇಲೆ. ವಿಮೆಯೂ ನೆಟ್ಟಗಿರುವುದಿಲ್ಲ. 2023ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಕಡಲ ಸಂಸ್ಥೆ ಇವುಗಳ ವಿರುದ್ಧವೇ ಒಂದು ನಿರ್ಣಯ ಕೈಗೊಂಡಿತು. ಅಲ್ಲಿಯೂ ನನ್ನಂಥವರೇ ಹಗ್ಗದ ಬಳಿ ನಿಂತಿರುತ್ತಾರಲ್ಲ! ಅವರ ಪಕ್ಕದಲ್ಲಿ ಕೊಡಲಿ ಇರುತ್ತದೆಯೇ?

ಅಲಗಿಗೆ ಮತ್ತೆ ಗ್ರೀಸ್ ಸವರಿ, ಕೈಗೆ ಸಿಗುವಂತೆ ಅಲ್ಲಿಯೇ ಇಟ್ಟು ಬಂದೆ.