ವಾಲಿದ ಕಂಬಗಳನ್ನು ನೆಟ್ಟಗೆ ಮಾಡಲು ಹೋಗಿ

ನಮ್ಮ ಸ್ಟುಡಿಯೋಗೆ ಸಂಕಲನಕ್ಕೆಂದು ಬಂದ ಸಾಕ್ಷ್ಯಚಿತ್ರವೊಂದರಲ್ಲಿ, ಮೈಸೂರಿನಿಂದ ಬೆಂಗಳೂರಿಗೆ ಹೋಗುವ ರೈಲಿನ ಕಿಟಕಿಯಿಂದ ಚಿತ್ರೀಕರಿಸಿದ ದೃಶ್ಯವಿತ್ತು. ಕಬ್ಬಿನ ಗದ್ದೆಗಳೆಲ್ಲ ಚೆನ್ನಾಗಿಯೇ ಬಂದಿದ್ದವು; ಪಕ್ಕದ ಹಳಿಯಾಚೆಯ ವಿದ್ಯುತ್ ಕಂಬಗಳು ಮಾತ್ರ ಬಿರುಗಾಳಿಗೆ ಸಿಕ್ಕಂತೆ ಒಂದೇ ಕಡೆಗೆ ವಾಲಿದ್ದವು. ಕ್ಯಾಮೆರಾದೊಳಗೆ ಬೆಳಕನ್ನು ಹಿಡಿಯುವ ಸೆನ್ಸರ್ ಇಡೀ ಫ್ರೇಮನ್ನು ಒಮ್ಮೆಲೇ ಓದದೆ ಸಾಲುಸಾಲಾಗಿ ಓದುತ್ತ ಹೋಗುವುದರಿಂದ, ಕೊನೆಯ ಸಾಲಿನ ಸರದಿ ಬರುವಷ್ಟರಲ್ಲಿ ಕಂಬ ಸರಿದುಹೋಗಿರುತ್ತದೆ. ಶಟರ್ ವೇಗವನ್ನು ಇನ್ನೂ ಹೆಚ್ಚಿಸಬೇಕಿತ್ತು ಎಂಬುದು ಛಾಯಾಗ್ರಾಹಕರ ವಾದ. ಹಾಗೆ ಮಾಡಿದ್ದರೆ ಮಸುಕು ಕಡಿಮೆಯಾಗಿ ವಾಲಿಕೆ ಮತ್ತಷ್ಟು ಎದ್ದು ಕಾಣುತ್ತಿತ್ತೇ ಹೊರತು, ಸಾಲುಗಳನ್ನು ಓದುವ ಸಮಯವೇನೂ ತಗ್ಗುತ್ತಿರಲಿಲ್ಲ.

ನಾನು ಮಾಡಿದ ತಪ್ಪೂ ಸಣ್ಣದಲ್ಲ. ಸಂಕಲನದ ತಂತ್ರಾಂಶವಾದ ಪ್ರೀಮಿಯರ್ ಪ್ರೊದಲ್ಲಿ ಮೊದಲು ಕುಲುಕಾಟವನ್ನು ನಿಲ್ಲಿಸಿ, ಆ ಫಲಿತಾಂಶದ ಮೇಲೆ, ಇಂಥ ವಾಲಿಕೆಯನ್ನು ಸರಿಪಡಿಸುವ ರೋಲಿಂಗ್ ಶಟರ್ ರಿಪೇರ್ ಹಾಕಿದೆ. ಕಂಬಗಳು ನೆಟ್ಟಗಾಗುವ ಬದಲು ಇನ್ನೂ ಹೆಚ್ಚು ವಾಲಿದವು. ವಿಚಾರಿಸಿದಾಗ, ಕ್ಯಾಮೆರಾವನ್ನು ಕಿಟಕಿಯ ಸರಳಿಗೆ ತಲೆಕೆಳಗಾಗಿ ಕಟ್ಟಿದ್ದರೆಂದೂ, ಅದು ಚಿತ್ರವನ್ನು ತಾನೇ ತಿರುಗಿಸಿ ಉಳಿಸಿತ್ತೆಂದೂ ತಿಳಿಯಿತು. ಅಂದರೆ ನನ್ನ ಪರದೆಯ ಲೆಕ್ಕದಲ್ಲಿ ಸಾಲುಗಳು ಕೆಳಗಿನಿಂದ ಮೇಲಕ್ಕೆ ಓದಲ್ಪಟ್ಟಿದ್ದವು. ರಿಪೇರಿನಲ್ಲಿ ಓದುವ ದಿಕ್ಕನ್ನು ಸೂಚಿಸುವ ಸ್ಕ್ಯಾನ್ ಡೈರೆಕ್ಷನ್ ಬದಲಿಸಿ, ರಿಪೇರನ್ನು ಮೂಲ ಕ್ಲಿಪ್ಪಿಗೇ ಮೊದಲು ಹಾಕಿದ ಮೇಲೆ ದಾರಿಗೆ ಬಂತು.

ಉಳಿದದ್ದು, ಒಂದು ಫ್ರೇಮಿನ ಸಮಯದಲ್ಲಿ ಎಷ್ಟು ಪ್ರತಿಶತ ಸಾಲುಗಳನ್ನು ಓದುವುದಕ್ಕೆ ಹೋಗುತ್ತದೆಂದು ರಿಪೇರಿಗೆ ಹೇಳಬೇಕು ಎಂಬ ಪ್ರಶ್ನೆ. ಇದನ್ನು ಕಣ್ಣಂದಾಜಿನಲ್ಲಿ ತಿರುಗಿಸುತ್ತ ಕೂರುವ ಅಗತ್ಯವಿಲ್ಲ. ಮಂಡ್ಯ ನಿಲ್ದಾಣ ಸಮೀಪಿಸುತ್ತ ರೈಲು ನಿಧಾನವಾದ ಕಡೆ, ಫ್ರೇಮಿನ ಮೇಲಂಚಿನಿಂದ ಕೆಳಂಚಿನವರೆಗೆ ಚಾಚಿದ್ದ ಒಂದು ಕಂಬವನ್ನು ಆರಿಸಿಕೊಂಡೆ. ಅದು ಒಂದು ಫ್ರೇಮಿನಿಂದ ಮುಂದಿನ ಫ್ರೇಮಿಗೆ 80 ಪಿಕ್ಸೆಲ್ ಸರಿಯುತ್ತಿತ್ತು. ಅದರ ತುದಿಗೂ ಬುಡಕ್ಕೂ ಅಡ್ಡಲಾಗಿ 56 ಪಿಕ್ಸೆಲ್ ಅಂತರವಿತ್ತು. 56ನ್ನು 80ರಿಂದ ಭಾಗಿಸಿದರೆ 70 ಪ್ರತಿಶತ. ಸೆಕೆಂಡಿಗೆ 25 ಫ್ರೇಮ್ ಎಂದರೆ ಒಂದು ಫ್ರೇಮಿಗೆ 40 ಮಿಲಿಸೆಕೆಂಡ್. ಅದರಲ್ಲಿ 28 ಮಿಲಿಸೆಕೆಂಡ್ ಓದುವುದಕ್ಕೇ ಹೋಗುತ್ತಿತ್ತು. ಕಂಬ ಹತ್ತಿರವಿರಲಿ, ದೂರವಿರಲಿ, ಈ ಅನುಪಾತ ಬದಲಾಗುವುದಿಲ್ಲ.

ಆದರೆ ಪಿಕ್ಸೆಲ್ ಲೆಕ್ಕದಲ್ಲಿ ವಾಲಿಕೆ ಬದಲಾಗುತ್ತದೆ: ಹತ್ತಿರದ್ದು ಹೆಚ್ಚು, ದೂರದ್ದು ಕಡಿಮೆ. ತೊಡಕು ಇರುವುದೇ ಅಲ್ಲಿ. ರಿಪೇರಿನ ಎರಡು ವಿಧಾನಗಳಲ್ಲಿ ಒಂದಾದ ವಾರ್ಪ್‌ನಲ್ಲಿ ಕಂಬಗಳು ನೇರವಾದವು, ದೂರದ ತೆಂಗಿನ ಮರಗಳು ಎದುರು ದಿಕ್ಕಿಗೆ ಬಾಗಿದವು, ಅಲುಗದೆ ನಿಂತಿದ್ದ ಕಿಟಕಿಯ ಸರಳೂ ಓರೆಯಾಯಿತು. ಇನ್ನೊಂದಾದ ಪಿಕ್ಸೆಲ್ ಮೋಷನ್ ವಿಧಾನ ಕಂಬವನ್ನೂ ಮರವನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಿತಾದರೂ, ಕಂಬ ಸರಳಿನ ಹಿಂದೆ ಹಾದುಹೋಗುವಾಗ ಸರಳಿನ ಅಂಚು ಕುದಿಯುವ ಎಣ್ಣೆಯಂತೆ ಅಲುಗುತ್ತಿತ್ತು. ಕೊನೆಗೆ ಮೂಲ ಕ್ಲಿಪ್ಪಿನಿಂದ ಸರಳನ್ನು ಮಾತ್ರ ಮಾಸ್ಕ್ ಮಾಡಿ (ಅಂದರೆ ಅಷ್ಟು ಭಾಗವನ್ನೇ ಕತ್ತರಿಸಿ ತೆಗೆದು) ಮೇಲಿನ ಪದರದಲ್ಲಿಟ್ಟು, ಎಲ್ಲ ಮುಗಿದ ನಂತರ ಕುಲುಕಾಟ ಸರಿಪಡಿಸಿದೆ. ಎರಡು ಶಾಟ್‌ಗಳನ್ನು ಬಿಟ್ಟೇಬಿಟ್ಟೆವು.

ಈಗ ನಮ್ಮಲ್ಲಿ ಪ್ರತಿ ಕ್ಯಾಮೆರಾವನ್ನೂ ಬಾಗಿಲಿನ ಚೌಕಟ್ಟಿನ ಮುಂದೆ ಅತ್ತಿತ್ತ ಹೊರಳಿಸಿ, ಇದೇ ಭಾಗಾಕಾರ ಮಾಡಿ, ಬಂದ ಅಂಕಿಯನ್ನು ಗೋಡೆಗೆ ಬರೆದು ಅಂಟಿಸಿದ್ದೇವೆ. ಸೆಕೆಂಡಿಗೆ 50 ಫ್ರೇಮಿನ ಲೆಕ್ಕಕ್ಕೆ ಬೇರೆಯೇ ಸಾಲು ಬೇಕಾಯಿತು, ಏಕೆಂದರೆ 20 ಮಿಲಿಸೆಕೆಂಡಿನ ಫ್ರೇಮಿನೊಳಗೆ 28 ಮಿಲಿಸೆಕೆಂಡಿನ ಓದು ಹಿಡಿಸುವುದಿಲ್ಲ; ಕ್ಯಾಮೆರಾ ಅಲ್ಲಿ ಬೇರೆ ರೀತಿಯಲ್ಲೇ ಓದುತ್ತಿರುತ್ತದೆ.