ನಕ್ಷೆಯ ಮೂಲೆಯಿಂದ ವರ್ಧಾಕ್ಕೆ

ಹಾವುಗಳ ಪುಸ್ತಕ ಕೈಗೆ ಸಿಕ್ಕರೆ ನಾನು ಬಣ್ಣದ ಚಿತ್ರಕ್ಕಿಂತ ಮೊದಲು ನೋಡುವುದು ಪುಟದ ಅಂಚಿನಲ್ಲಿರುವ ಚಿಕ್ಕ ನಕ್ಷೆಯನ್ನು. ಕೇರೆಹಾವಿಗೆ ಇಡೀ ದೇಶಕ್ಕೆ ಬಣ್ಣ ಬಳಿದಿರುತ್ತಾರೆ. ಕೆಲವು ಹಾವುಗಳಿಗೆ ಎರಡು ಮೂರು ಚುಕ್ಕೆಗಳಷ್ಟೇ ಇರುತ್ತವೆ. ಹಾಗೆ ಬಹುಕಾಲ ಒಂದೇ ಮೂಲೆಯ ಚುಕ್ಕೆಗಳಲ್ಲಿ ಉಳಿದುಕೊಂಡಿದ್ದುದು ಭಾರತದ ಮೊಟ್ಟೆ ತಿನ್ನುವ ಹಾವು. ಡೆನ್ಮಾರ್ಕಿನ ಪ್ರಾಣಿವಿಜ್ಞಾನಿ ರೈನ್‌ಹಾರ್ಟ್ 1863ರಲ್ಲಿ, ಈಗ ಬಾಂಗ್ಲಾದೇಶದ ಉತ್ತರಕ್ಕಿರುವ ರಂಗಪುರದಿಂದ ಬಂದ ಮಾದರಿಯನ್ನು ನೋಡಿ ಇದಕ್ಕೆ ಎಲಾಕಿಸ್ಟೊಡಾನ್ ವೆಸ್ಟರ್‌ಮನ್ನಿ ಎಂದು ಹೆಸರಿಟ್ಟರು. ಮೊದಲ ಪದಕ್ಕೆ ಅತಿ ಚಿಕ್ಕ ಹಲ್ಲಿನದು ಎಂದರ್ಥ. ಆಮೇಲೆ ಬಿಹಾರದ ಪೂರ್ಣಿಯಾ, ಬಂಗಾಳದ ಜಲಪೈಗುರಿ ಸೇರಿಕೊಂಡವು. ಹೀಗಾಗಿ ಇದು ಹಿಮಾಲಯದ ತಪ್ಪಲಿನ ತೇವದ ಬಯಲಿಗೆ ಸೇರಿದ, ಅತಿ ಅಪರೂಪದ ಹಾವೆಂದು ಪುಸ್ತಕಗಳು ಒಂದನ್ನೊಂದು ನೋಡಿ ಬರೆಯುತ್ತ ಬಂದವು.

2003ರಲ್ಲಿ ಅದು ಮಹಾರಾಷ್ಟ್ರದ ವರ್ಧಾ ಜಿಲ್ಲೆಯಲ್ಲಿ ಸಿಕ್ಕಿತು. ಪೂರ್ಣಿಯಾದಿಂದ ವರ್ಧಾಕ್ಕೆ ನೇರ ಗೆರೆ ಎಳೆದರೂ ಸಾವಿರ ಕಿಲೋಮೀಟರಿಗೆ ಕಡಿಮೆಯಿಲ್ಲ. ಅಲ್ಲಿಯ ಪರಾಗ್ ದಾಂಡಗೆ ಹಾಗೂ ಹಾವುಗಳ ವರ್ಗೀಕರಣದಲ್ಲಿ ಪಳಗಿದ ಅಶೋಕ್ ಕ್ಯಾಪ್ಟನ್ ಮತ್ತಿತರರು ಸೇರಿ ಬರೆದ ವರದಿ 2005ರಲ್ಲಿ ಅಚ್ಚಾಯಿತು. ವರ್ಧಾ ಸೇರಿರುವ ವಿದರ್ಭವೆಂದರೆ ಹತ್ತಿಯ ಹೊಲ, ಜಾಲಿಯ ಮುಳ್ಳು, ಬೇಸಿಗೆಯಲ್ಲಿ ಬಾಯಿಬಿಡುವ ಕಪ್ಪು ಮಣ್ಣು. ತಪ್ಪಲಿನ ತೇವಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆ ಒಂದು ಚುಕ್ಕೆ ಬಿದ್ದ ಮೇಲೆ ಮಹಾರಾಷ್ಟ್ರದ ಬೇರೆ ಜಿಲ್ಲೆಗಳಿಂದ, ಗುಜರಾತಿನಿಂದ, ಮಧ್ಯಪ್ರದೇಶದಿಂದ ದಾಖಲೆಗಳು ಬರತೊಡಗಿದವು.

ಇಂತಹ ವರದಿಗಳ ತಲೆಬರಹದಲ್ಲಿ 'ವ್ಯಾಪ್ತಿಯ ವಿಸ್ತರಣೆ' ಎಂಬ ಮಾತು ಇದ್ದೇ ಇರುತ್ತದೆ. ನನಗೆ ಆ ಮಾತಿನ ಮೇಲೆ ಮೊದಲಿನಿಂದಲೂ ಸಣ್ಣ ತಕರಾರಿದೆ, ಏಕೆಂದರೆ ಓದಿದವರಿಗೆ ಹಾವು ಬಿಹಾರದಿಂದ ಹೊರಟು ಹರಿದುಕೊಂಡು ವಿದರ್ಭ ಮುಟ್ಟಿತೇನೋ ಎನ್ನಿಸುತ್ತದೆ. ರೈನ್‌ಹಾರ್ಟ್ ಹೆಸರಿಡುವಾಗಲೂ ಅದು ವರ್ಧಾದ ಬೇಲಿಗಳಲ್ಲಿ ಇದ್ದಿರಬೇಕು. ಅಲ್ಲಿ ಅದನ್ನು ಬೇರೆ ಹಾವೆಂದು ತಿಳಿದವರೂ ಇದ್ದಿರಬೇಕು.

ಹಾಗೆ ತಿಳಿಯುವುದು ಎಷ್ಟು ಸುಲಭವೆಂಬುದು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಕಣ್ಣಿನ ಪಾಪೆ ಬೆಕ್ಕಿನದರಂತೆ ಸೀಳಾಗಿರುವುದರಿಂದ, ಅದು ರಾತ್ರಿಯೇ ಓಡಾಡುವುದರಿಂದ ಮತ್ತು ಕೆಣಕಿದರೆ ಮೈಯನ್ನು ಸುರುಳಿ ಮಾಡಿ ಎರಗುವುದರಿಂದ ಟಾರ್ಚಿನ ಬೆಳಕಿನಲ್ಲಿ ನೋಡಿದವರು ಅದನ್ನು ಬೆಕ್ಕುಹಾವು ಎಂದೇ ಹೇಳುತ್ತಾರೆ. ಬೆನ್ನಿನ ನಡುವೆ ಕತ್ತಿನಿಂದ ಬಾಲದವರೆಗೆ ಹರಿಯುವ ಕೆನೆಬಣ್ಣದ ಪಟ್ಟೆಯನ್ನೂ ಅಲ್ಲಿಯ ಹುರುಪೆಗಳು ಪಕ್ಕದವುಗಳಿಗಿಂತ ಅಗಲವಾಗಿರುವುದನ್ನೂ ಗಮನಿಸಿದವರು ಕಂಚುಬೆನ್ನಿನ ಮರಹಾವು ಇರಬಹುದೇ ಎಂದು ಅನುಮಾನಿಸುತ್ತಾರೆ. ಆದರೆ ಮರಹಾವಿನ ಪಾಪೆ ದುಂಡಗಿರುತ್ತದೆ, ಅದು ಹಗಲಿನ ಹಾವು. ಸಾಮಾನ್ಯ ಬೆಕ್ಕುಹಾವಿನ ಮೈಯ ನಡುಭಾಗದಲ್ಲಿ ಹುರುಪೆಗಳ ಸಾಲು ಹೆಚ್ಚಾಗಿ 21 ಇರುತ್ತವೆ. ಮೊಟ್ಟೆ ತಿನ್ನುವ ಹಾವಿನಲ್ಲಿ 15. ಬೆನ್ನು ಒಂದರದು, ಕಣ್ಣು ಇನ್ನೊಂದರದು ಎಂಬಂತಿರುವ ಹಾವು ಕಣ್ಣೆದುರಿಗೆ ಬಂದರೆ ಎಣಿಸುವ ತಾಳ್ಮೆ ಬೇಕು.

ಅದರ ಬದುಕಿನ ಕ್ರಮವೂ ಅದನ್ನು ಅಡಗಿಸಿದೆ. ಇಲಿ, ಕಪ್ಪೆ ಅದಕ್ಕೆ ಬೇಡ. ಹಕ್ಕಿಯ ಮೊಟ್ಟೆಯೇ ಆಹಾರ. ಮೊಟ್ಟೆಯನ್ನು ಇಡಿಯಾಗಿ ಒಳಗೆ ತೆಗೆದುಕೊಂಡಾಗ, ಬೆನ್ನೆಲುಬಿನ ಮುಂಭಾಗದ ಕೀಲುಗಳಿಂದ ಕೆಳಕ್ಕೆ ಚಾಚಿ ಅನ್ನನಾಳದೊಳಗೆ ಇಣುಕುವ ಎಲುಬಿನ ಮೊನೆಗಳು ಚಿಪ್ಪನ್ನು ಒಡೆಯುತ್ತವೆ. ಹಲ್ಲು ಚಿಕ್ಕದಾದದ್ದು ಕೊರತೆಯಲ್ಲ, ಅಲ್ಲಿ ಹಲ್ಲಿಗೆ ಕೆಲಸವಿಲ್ಲ. ಆಫ್ರಿಕಾದಲ್ಲಿಯೂ ಮೊಟ್ಟೆಯನ್ನೇ ನಂಬಿದ ಹಾವುಗಳಿವೆ, ಅವುಗಳ ಕತ್ತಿನೊಳಗೂ ಇಂಥದೇ ಮೊನೆಗಳಿವೆ. ಆದರೂ ಎರಡೂ ಹತ್ತಿರದ ನಂಟರಲ್ಲ. ನಮ್ಮದರ ನಿಜವಾದ ನಂಟು ತಿಳಿದದ್ದು 2018ರಲ್ಲಿ. ಹೈದರಾಬಾದಿನ ಸಿಸಿಎಂಬಿ (ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ) ಸಂಸ್ಥೆಯ ವಿಜ್ಞಾನಿಗಳು ಡಿಎನ್‌ಎ ಹೋಲಿಸಿ, ಇದು ಬೆಕ್ಕುಹಾವುಗಳ ಬೊಯಿಗಾ ಕುಲಕ್ಕೇ ಸೇರಬೇಕಾದದ್ದೆಂದು ತೋರಿಸಿದರು. ಬೆಕ್ಕುಹಾವು ಎಂದು ಕೈತೊಳೆದುಕೊಂಡವರು ಪೂರ್ತಿ ತಪ್ಪಿರಲಿಲ್ಲ ಎನ್ನೋಣ.

ಹೊಸ ಜಾಗದ ದಾಖಲೆಯೆಂದರೆ ನನ್ನ ಪಾಲಿಗೆ ಮೂರು ಪ್ರಶ್ನೆಗಳಿಗೆ ಉತ್ತರ: ಯಾವ ಹಾವು, ಎಲ್ಲಿ, ಮತ್ತು ಅದನ್ನು ಇನ್ನೊಬ್ಬರು ಪರೀಕ್ಷಿಸಲು ಏನು ಉಳಿದಿದೆ. ಹಿಂದಿನವರು ಹಾವನ್ನು ಸಾರಾಯಿಯ ಬಾಟಲಿಯಲ್ಲಿ ಇಳಿಸಿ ಸಂಗ್ರಹಾಲಯಕ್ಕೆ ಕಳಿಸುತ್ತಿದ್ದರು. ಈ ಹಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವುದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹಿಡಿಯುವುದೂ ಇಟ್ಟುಕೊಳ್ಳುವುದೂ ಅಪರಾಧ. ಆದ್ದರಿಂದ ಸ್ಪಷ್ಟವಾದ ಚಿತ್ರಗಳಿಗೆ ಈಗ ಹೆಚ್ಚಿನ ಬೆಲೆ ಬಂದಿದೆ: ತಲೆಯ ಮೇಲ್ಭಾಗ, ತಲೆಯ ಪಕ್ಕ, ಮೈಯ ನಡುಭಾಗ, ಹೊಟ್ಟೆ. ತಲೆಯೆತ್ತಿದ ಭಂಗಿಯ ಚೆಂದದ ಚಿತ್ರವೊಂದರಿಂದ ಹುರುಪೆ ಎಣಿಸಲಾಗುವುದಿಲ್ಲ.

ಈ ಪಾಠ ನನಗೆ ನನ್ನದೇ ಎಡವಟ್ಟಿನಿಂದ ಬಂದಿತು. ನಾನಿರುವ ಕಲಬುರಗಿಯ ಕಡೆಯ ನೆಲ ವಿದರ್ಭದ ನೆಲದಂತೆಯೇ ಕಪ್ಪು. ಹಾಗಾಗಿ ರಾತ್ರಿ ಹೊತ್ತು ಬರುವ ಹಾವಿನ ಚಿತ್ರಗಳನ್ನೆಲ್ಲ ಆಸೆಯಿಂದಲೇ ತೆರೆಯುತ್ತೇನೆ. ಕೆಲವು ವರ್ಷಗಳ ಹಿಂದೆ, ತೊಗರಿ ಹೊಲದ ಪಕ್ಕ ಸತ್ತುಬಿದ್ದ ಹಾವೊಂದರ ಚಿತ್ರವನ್ನು ಪರಿಚಯದ ಹುಡುಗನೊಬ್ಬ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ. ಸೀಳುಪಾಪೆ, ಬೆನ್ನಿನ ಮೇಲೆ ತಿಳಿಪಟ್ಟೆಯ ಸುಳಿವು. ಬೆಕ್ಕುಹಾವೆಂದು ಉತ್ತರಿಸಿ ಮಲಗಿದೆ. ಮರುವಾರ ಅನುಮಾನ ಬಂದು ಮತ್ತೆ ತೆರೆದಾಗ, ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸಿದ್ದರಿಂದ ಹುರುಪೆಗಳು ಕಲಸಿಹೋಗಿದ್ದವು, ಮೂಲ ಚಿತ್ರದಲ್ಲಿ ಸೇರಿದ್ದಿರಬಹುದಾದ ಜಾಗದ ಗುರುತೂ ಅಳಿದಿತ್ತು. ಹುಡುಗನನ್ನು ಕೇಳಿದರೆ, "ಹಳ್ಳ ದಾಟಿದ ಮ್ಯಾಲ ರೀ ಸರ್, ಎಡಕ್ಕ" ಎಂದ. ಫೋನು ಬದಲಾಯಿಸಿದ್ದನಾದ್ದರಿಂದ ಮೂಲ ಚಿತ್ರವೂ ಉಳಿದಿರಲಿಲ್ಲ. ಅದು ಬೆಕ್ಕುಹಾವೇ ಆಗಿರುವ ಸಂಭವ ಹೆಚ್ಚು. ಆದರೆ ಸಂಭವವನ್ನು ನಕ್ಷೆಯ ಮೇಲೆ ಚುಕ್ಕೆಯಾಗಿ ಇಡಲು ಬರುವುದಿಲ್ಲ.

ಚುಕ್ಕೆಗಳ ಬಗ್ಗೆ ಇನ್ನೊಂದು ಮಾತು. ಎರಡು ದೂರದ ಚುಕ್ಕೆಗಳು ಸಿಕ್ಕಕೂಡಲೇ ನಡುವಿನ ಜಾಗಕ್ಕೆಲ್ಲ ಬಣ್ಣ ತುಂಬುವ ಅಭ್ಯಾಸ ನಕ್ಷೆ ಬರೆಯುವವರಲ್ಲಿ ಇದೆ. ಖಾಲಿ ಜಾಗವನ್ನು ಖಾಲಿಯಾಗಿ ಬಿಡುವುದೇ ಪ್ರಾಮಾಣಿಕವೆಂದು ನನ್ನ ಅಭಿಪ್ರಾಯ. ಹಾವು ಹಿಡಿದು ಬಿಡುವ ಹುಡುಗರು, ಅವರ ಫೋನ್ ನಂಬರು ಇಟ್ಟುಕೊಂಡ ಮನೆಗಳು, ರಾತ್ರಿ ವಾಹನ ಓಡುವ ರಸ್ತೆಗಳು ಎಲ್ಲಿವೆಯೋ ಅಲ್ಲಿ ದಾಖಲೆಗಳು ದಟ್ಟವಾಗುತ್ತವೆ. ನಕ್ಷೆ ಓದುವಾಗ ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಮನುಷ್ಯರ ಓಡಾಟವನ್ನೇ ಹಾವಿನ ನೆಲೆಯೆಂದು ಓದಿಬಿಡುತ್ತೇವೆ.

ಅಂದಿನಿಂದ ನನ್ನ ಚೀಲದಲ್ಲಿ ಒಂದು ಸ್ಕೇಲು, ಒಂದು ಭೂತಗನ್ನಡಿ, ಒಂದು ನೋಟುಪುಸ್ತಕ ಇರುತ್ತವೆ. ಕಳೆದ ಮಳೆಗಾಲದಲ್ಲಿ ಅದೇ ದಾರಿಯಲ್ಲಿ ಲಾರಿಯ ಗಾಲಿಗೆ ಸಿಕ್ಕ ಹಾವೊಂದು ಕಂಡಿತು, ಸೀಳುಪಾಪೆಯೇ. ಬೈಕಿನ ದೀಪ ಹಚ್ಚಿಟ್ಟು ರಸ್ತೆಬದಿಯಲ್ಲಿ ಕುಳಿತೆ. ಹೊಟ್ಟೆಯ ಅಗಲ ಹುರುಪೆಯ ಒಂದು ಅಂಚಿನಿಂದ ಬೆನ್ನು ದಾಟಿ ಇನ್ನೊಂದು ಅಂಚಿನವರೆಗೆ, ಕಡ್ಡಿಯ ತುದಿಯಿಂದ ಓರೆಯಾಗಿ ಎಣಿಸುತ್ತ ಹೋದೆ. ಹದಿನೈದು ದಾಟಿತು. ಎರಡನೆಯ ಸಲವೂ 21 ಬಂದಿತು. ಬೆಕ್ಕುಹಾವು ಎಂದು ಬರೆದು, ಅಕ್ಷಾಂಶ ರೇಖಾಂಶಗಳನ್ನು ನಾಲ್ಕು ದಶಮಾಂಶ ಸ್ಥಾನಗಳವರೆಗೆ ಗುರುತಿಸಿಕೊಂಡು, ಹಾವನ್ನು ರಸ್ತೆಯಿಂದ ಬದಿಗೆ ಸರಿಸಿದೆ.