ಪ್ರೆಸ್ ಮತ್ತು ನಮ್ಮ ಒತ್ತು

ಇಂಗ್ಲಿಷಿನ 'ಪ್ರೆಸ್' ಪದಕ್ಕೆ ನಿಘಂಟು ತೆರೆದರೆ ಒತ್ತು, ಅದುಮು, ಇಸ್ತ್ರಿ ಮಾಡು, ಮುದ್ರಣಯಂತ್ರ, ಪತ್ರಿಕಾರಂಗ, ಜನಜಂಗುಳಿ, ಬೀರು (ಕಪಾಟು), ಬಲವಂತದ ಭರ್ತಿ ಎಂದು ಒಂದಕ್ಕೊಂದು ತಾಳೆಯಾಗದ ಅರ್ಥಗಳು ಸಾಲಾಗಿ ನಿಂತಿರುತ್ತವೆ. ಬಾಯಿಪಾಠ ಮಾಡುವ ಕಷ್ಟ ಬೇಡ. ಕೊನೆಯದೊಂದನ್ನು ಬಿಟ್ಟರೆ ಉಳಿದವೆಲ್ಲ ಒಂದೇ ಬೇರಿನವು. ಆ ಬೇರು ಹಿಡಿಯಲು ಕನ್ನಡದ 'ಒತ್ತು' ಚೆನ್ನಾಗಿ ಒದಗುತ್ತದೆ.

ಲ್ಯಾಟಿನ್ನಿನಲ್ಲಿ 'ಪ್ರೆಮೆರೆ' ಎಂದರೆ ಒತ್ತುವುದು, 'ಪ್ರೆಸ್ಸುಸ್' ಎಂದರೆ ಒತ್ತಿದ್ದು. ಇದರಿಂದ 'ಪ್ರೆಸ್ಸಾರೆ' ಎಂಬ ಕ್ರಿಯಾಪದ ಹುಟ್ಟಿ, ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಅಲ್ಲಿ ಈ ಪದಕ್ಕಿದ್ದ ಹಳೆಯ ಅರ್ಥಗಳಲ್ಲೊಂದು ಕಿಕ್ಕಿರಿದ ಜನ. ನಮಗಿದು ವಿಚಿತ್ರವಾಗಿ ಕಾಣಬಾರದು: ಪೈರು ಒತ್ತಾಗಿ ಬೆಳೆಯುತ್ತದೆ, ಮನೆಗಳು ಒತ್ತೊತ್ತಾಗಿ ನಿಲ್ಲುತ್ತವೆ. ಒತ್ತುವ ಕ್ರಿಯೆಯೇ ದಟ್ಟಣೆಯ ಗುಣವಾಗುವ ದಾರಿ ಎರಡೂ ಭಾಷೆಗಳಲ್ಲಿ ಒಂದೇ.

ಯಂತ್ರದ ಅರ್ಥ ದ್ರಾಕ್ಷಿ, ಆಲಿವ್ ಹಿಂಡುವ ಕಡೆಯಿಂದ ಬೆಳೆಯಿತು. ಮರದ ತಿರುಪು ತಿರುಗಿಸಿದಂತೆ ಹಲಗೆ ಕೆಳಗಿಳಿದು ಹಣ್ಣಿನ ಮೇಲೆ ಕೂರುತ್ತದೆ. 1450ರ ಸುಮಾರಿಗೆ ಜರ್ಮನಿಯ ಮೈಂಟ್ಸ್ ನಗರದಲ್ಲಿ ಗುಟೆನ್‌ಬರ್ಗ್ ಇದೇ ತಿರುಪಿನ ತತ್ವವನ್ನು ಮಸಿ ಹಚ್ಚಿದ ಅಚ್ಚುಮೊಳೆ ಮತ್ತು ಕಾಗದಕ್ಕೆ ಅಳವಡಿಸಿದ. ಆಮೇಲೆ ಹೆಸರು ಯಂತ್ರದಿಂದ ಅದಿರುವ ಅಂಗಡಿಗೆ, ಅಂಗಡಿಯಿಂದ ಅಲ್ಲಿ ಅಚ್ಚಾಗುವ ಪತ್ರಿಕೆಗೆ, ಪತ್ರಿಕೆಯಿಂದ ಸುದ್ದಿಗಾರರಿಗೆ ದಾಟಿತು. ಕನ್ನಡಕ್ಕೆ ಈ ಸರಣಿ ಇಡಿಯಾಗಿಯೇ ಬಂದಿದೆ. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ ಎನ್ನುವಾಗ ಪ್ರೆಸ್ ಅಂದರೆ ಅಚ್ಚುಕೂಟ. 'ಮಂಗಳೂರ ಸಮಾಚಾರ' 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಬಂದದ್ದು ಅಲ್ಲಿಂದಲೇ. ಪ್ರೆಸ್ ಮೀಟ್ ಎನ್ನುವಾಗ ಅದೇ ಪದ ಸುದ್ದಿಗಾರರನ್ನು ಸೂಚಿಸುತ್ತದೆ. 'ಪ್ರಿಂಟ್' ಕೂಡ ಫ್ರೆಂಚಿನ ಇನ್ನೊಂದು ದಾರಿಯಿಂದ ಬಂದ 'ಪ್ರೆಮೆರೆ'ಯ ಸಂತಾನ. ಹಾಗಾಗಿ ಪ್ರಿಂಟಿಂಗ್ ಪ್ರೆಸ್ ಎಂದಾಗ ಒಂದೇ ಬೇರನ್ನು ಎರಡು ಸಲ ಹೇಳಿದ ಹಾಗಾಯಿತು.

ಉಪಸರ್ಗ ಹತ್ತಿದ ಪದಗಳಲ್ಲಿ ನನಗೆ ಅತಿ ಪ್ರಿಯವಾದದ್ದು 'ಇಂಪ್ರೆಸ್'. ಅಕ್ಷರಶಃ ಅರ್ಥ 'ಒಳಕ್ಕೆ ಒತ್ತು'. ಮನಸ್ಸಿನಲ್ಲಿ ಅಚ್ಚೊತ್ತಿತು ಎಂದು ನಾವು ಹೇಳುವುದರಲ್ಲಿ ಅಚ್ಚೂ ಇದೆ, ಒತ್ತೂ ಇದೆ. 'ಪ್ರಭಾವ ಬೀರು' ಎಂದು ಅನುವಾದಿಸಿದರೆ ಆ ಮುದ್ರೆಯ ಗುರುತೇ ಅಳಿಸಿಹೋಗುತ್ತದೆ.

'ಡಿಪ್ರೆಸ್' ಎಂದರೆ ಕೆಳಕ್ಕೆ ಒತ್ತು. ಕೀಲಿಮಣೆಯ ಗುಂಡಿ ಅದುಮುವುದು, ವಾಯುಭಾರ ಕುಸಿತ, ಖಿನ್ನತೆ, ಮಾರುಕಟ್ಟೆಯ ದೀರ್ಘ ಹಿಂಜರಿತ ಎಲ್ಲದಕ್ಕೂ ಇಂಗ್ಲಿಷಿನಲ್ಲಿ ಇದೊಂದೇ ಮಾತು.

ಅನುವಾದಕರು ಎಡವುವುದು ಒಪ್ರೆಸ್, ಸಪ್ರೆಸ್, ರಿಪ್ರೆಸ್ ಎಂಬ ಮೂರರಲ್ಲಿ. ಎಲ್ಲಕ್ಕೂ 'ದಮನ' ಎಂದು ಬರೆದು ಮುಂದೆ ಹೋಗುವುದು ರೂಢಿ. ಕ್ರಿಯೆ ಯಾರ ಮೇಲೆ, ಯಾವುದರ ಮೇಲೆ ನಡೆಯುತ್ತಿದೆ ಎಂದು ನೋಡಿದರೆ ವ್ಯತ್ಯಾಸ ಸಿಗುತ್ತದೆ. ಒಪ್ರೆಸ್‌ಗೆ ಗುರಿ ಮನುಷ್ಯರು: ದುರ್ಬಲರನ್ನು ತುಳಿಯುವುದು. ಸಪ್ರೆಸ್‌ಗೆ ಮೇಲೇಳುವ ವಸ್ತು ಬೇಕು: ಕೆಮ್ಮು, ನಗು, ದಂಗೆ, ಹೊರಬರಬೇಕಾದ ಸುದ್ದಿ. ಕೆಮ್ಮನ್ನು ಯಾರೂ ಒಪ್ರೆಸ್ ಮಾಡುವುದಿಲ್ಲ. ರಿಪ್ರೆಸ್ ಹಿಂದಕ್ಕೆ ಅದುಮುವುದು. ಮನಃಶಾಸ್ತ್ರದಲ್ಲಿ ನೆನಪು ಅರಿವಿಲ್ಲದೆ ಒಳಕ್ಕೆ ಹೋಗುವುದು ರಿಪ್ರೆಷನ್, ಅರಿತೇ ಅದುಮಿಟ್ಟರೆ ಸಪ್ರೆಷನ್. ಛೀಮಾರಿ ಎಂಬ ಅರ್ಥದ 'ರೆಪ್ರಿಮಾಂಡ್' ಕೂಡ ಈ ಮನೆಯದೇ, ಮೂಲದಲ್ಲಿ 'ಹತ್ತಿಕ್ಕಬೇಕಾದದ್ದು'.

'ಎಕ್ಸ್‌ಪ್ರೆಸ್' ಹೊರಕ್ಕೆ ಒತ್ತುವುದು. ಒಳಗಿದ್ದ ಭಾವ ಹೊರಬಂದರೆ ಅಭಿವ್ಯಕ್ತಿ. ಅಚ್ಚಿನಿಂದ ಸ್ಪಷ್ಟವಾಗಿ ಮೂಡಿದ್ದು 'ಖಚಿತ'ವಾಯಿತು, ಖಚಿತವಾದದ್ದು 'ಒಂದೇ ಉದ್ದೇಶದ್ದು' ಆಯಿತು. ಎಕ್ಸ್‌ಪ್ರೆಸ್ ರೈಲು ಮೊದಲಿಗೆ ನಿರ್ದಿಷ್ಟ ಊರಿಗೆಂದೇ ಬಿಟ್ಟ ರೈಲು. ವೇಗದ ಅರ್ಥ ನಂತರ ಅಂಟಿಕೊಂಡದ್ದು. ಇಟಲಿಯ ಎಸ್ಪ್ರೆಸೊ ಇದರ ಖಾಸಾ ಸೋದರ. ಅದರಲ್ಲಿ ಬಿಸಿನೀರು ಸುಮಾರು 9 ಬಾರ್ ಒತ್ತಡದಲ್ಲಿ ಸಣ್ಣ ಪುಡಿಯ ಮೂಲಕ 25ರಿಂದ 30 ಸೆಕೆಂಡಿನಲ್ಲಿ ನುಗ್ಗುತ್ತದೆ. ನಮ್ಮ ಫಿಲ್ಟರ್ ಕಾಫಿಯಲ್ಲಿ ನೀರು ತನ್ನ ಭಾರಕ್ಕೆ ತಾನೇ ಇಳಿಯಬೇಕು. ಅಲ್ಲಿ ಕೊಡೆಯಂಥ ತಟ್ಟೆಯನ್ನು ಬಲವಾಗಿ ಒತ್ತಿದರೆ ಪುಡಿ ಗಟ್ಟಿಯಾಗಿ ಡಿಕಾಕ್ಷನ್ ತೊಟ್ಟಿಕ್ಕುವುದೇ ನಿಲ್ಲುತ್ತದೆ.

ಹೊಲಿಗೆಯವರಿಗೆ ಪ್ರೆಸ್ ಬೇರೆ, ಐರನ್ ಬೇರೆ. ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲಿಟ್ಟು, ಒತ್ತಿ, ಎತ್ತಿ, ಪಕ್ಕಕ್ಕಿಡುವುದು ಪ್ರೆಸ್. ಜಾರಿಸುತ್ತ ಎಳೆಯುವುದು ಐರನ್. ಓರೆಯಾಗಿ ಕತ್ತರಿಸಿದ ಬಟ್ಟೆಯ ಹೊಲಿಗೆಯ ಮೇಲೆ ಪೆಟ್ಟಿಗೆ ಜಾರಿಸಿದರೆ ಬಟ್ಟೆ ಹಿಗ್ಗಿ ಅಂಚು ಅಲೆಅಲೆಯಾಗುತ್ತದೆ. ಕನ್ನಡದಲ್ಲಿ ಎರಡಕ್ಕೂ ಇಸ್ತ್ರಿ ಎಂದೇ ಬರೆದರೆ ಓದಿದವರ ಬಟ್ಟೆ ಕೆಡುತ್ತದೆ. 'ಒತ್ತಿ ಎತ್ತಿ' ಎಂದು ಬಿಡಿಸಿಯೇ ಬರೆಯಬೇಕು.

'ಸ್ಕ್ವೀಜ್' ಜೊತೆ ಇದನ್ನು ಬೆರೆಸಬೇಡಿ. ಪ್ರೆಸ್‌ನಲ್ಲಿ ಬಲ ಸಾಮಾನ್ಯವಾಗಿ ಒಂದು ಕಡೆಯಿಂದ, ಎದುರಿಗೊಂದು ಆಸರೆ. ಸ್ಕ್ವೀಜ್‌ನಲ್ಲಿ ಎರಡೂ ಕಡೆಯಿಂದ. ಗುಂಡಿ ಒತ್ತುತ್ತೇವೆ, ಕಾಲು ಒತ್ತುತ್ತೇವೆ, ಶ್ಯಾವಿಗೆ ಒತ್ತುತ್ತೇವೆ. ನಿಂಬೆಹಣ್ಣನ್ನು ಹಿಂಡುತ್ತೇವೆ, ಕತ್ತನ್ನು ಹಿಸುಕುತ್ತಾರೆ. ಒದ್ದೆ ಬಟ್ಟೆಗೂ ನಮ್ಮಲ್ಲಿ ಹಿಂಡು ಎಂದೇ ಹೇಳಿದರೂ ಇಂಗ್ಲಿಷಿನಲ್ಲಿ ತಿರುಚಿ ಹಿಂಡುವುದಕ್ಕೆ 'ರಿಂಗ್' (wring) ಎಂಬ ಬೇರೆಯೇ ಪದವಿದೆ.

ಬೀರುವಿನ ಅರ್ಥ ಐರ್ಲೆಂಡ್, ಸ್ಕಾಟ್ಲೆಂಡಿನಲ್ಲಿ ಈಗಲೂ ಜೀವಂತ. ಐರಿಷ್ ಮನೆಯ 'ಹಾಟ್ ಪ್ರೆಸ್' ಇಸ್ತ್ರಿಪೆಟ್ಟಿಗೆಯಲ್ಲ. ಬಿಸಿನೀರಿನ ತೊಟ್ಟಿಯಿರುವ, ಟವೆಲು ಬೆಚ್ಚಗಿಡುವ ಕಪಾಟು. ಎಂಪ್ರೆಸ್, ಸೈಪ್ರೆಸ್, ಸ್ಟ್ರೆಸ್ ಮೂರೂ ಕಿವಿಗೆ ನೆಂಟರಂತೆ ಕೇಳಿದರೂ ಈ ಕುಟುಂಬದವಲ್ಲ.

ಇನ್ನು ಆ ಕೊನೆಯ ಅರ್ಥ. ಬ್ರಿಟಿಷ್ ನೌಕಾಪಡೆಗೆ ಬಂದರು ಊರುಗಳಲ್ಲಿ ನಾವಿಕರನ್ನು ಹಿಡಿದು ಹಡಗು ಹತ್ತಿಸುತ್ತಿದ್ದ ತಂಡ 'ಪ್ರೆಸ್ ಗ್ಯಾಂಗ್'. ಅಮೆರಿಕದ ಹಡಗುಗಳಿಂದಲೂ ಹೀಗೆ ಜನರನ್ನು ಎಳೆದೊಯ್ದದ್ದು 1812ರ ಯುದ್ಧದ ಕಾರಣಗಳಲ್ಲೊಂದು. ಇಲ್ಲಿನ ಪ್ರೆಸ್ ಮೊದಲಿಗೆ 'ಪ್ರೆಸ್ಟ್' ಆಗಿತ್ತು: ಹಳೆಯ ಫ್ರೆಂಚಿನಲ್ಲಿ ಸಾಲ, ಮುಂಗಡ. ಸೇರುವವನ ಕೈಗೆ ಮುಂಗಡ ಹಣವಿಟ್ಟು ಭರ್ತಿ ಮಾಡಿಕೊಳ್ಳುತ್ತಿದ್ದರು. ಬಲವಂತ ಹೆಚ್ಚಿದಂತೆ ಜನರ ಬಾಯಲ್ಲಿ ಅದು ಒತ್ತುವ ಪ್ರೆಸ್‌ನೊಂದಿಗೆ ಬೆರೆಯಿತು. ಹಾಗಾಗಿ ಹಳೆಯ ನೌಕಾ ದಾಖಲೆಗಳಲ್ಲಿ 'ಇಂಪ್ರೆಸ್ಡ್' ನಾವಿಕ ಎಂದು ಕಂಡರೆ ಅವನು ಮೆಚ್ಚಿಕೊಂಡವನಲ್ಲ, ಬಲವಂತದಿಂದ ಭರ್ತಿಯಾದವನು.